ವೈ-ಫೈ ಜಾಲಕ್ಕೂ ಒಂದು ಹಾಜರಿ ಪುಸ್ತಕ

ಸಂಜೆ ಬಾಗಿಲು ಎಳೆಯುವ ಮುನ್ನ ಗಲ್ಲಾಪೆಟ್ಟಿಗೆಯ ನಗದನ್ನು ಎಣಿಸದ ವ್ಯಾಪಾರಿ ಇರಲಾರನು. ವರ್ಷಾಂತ್ಯದಲ್ಲಿ ದಾಸ್ತಾನನ್ನು ತಾಳೆ ನೋಡದ ಕಾರ್ಖಾನೆಯೂ ವಿರಳ. ಗೇಟಿನಲ್ಲಿ ಒಳಬರುವ ಲಾರಿಗೊಂದು ರಿಜಿಸ್ಟರು, ಕೆಲಸಗಾರರಿಗೊಂದು ಹಾಜರಿ ಪುಸ್ತಕ, ಭೇಟಿಗೆ ಬಂದವರಿಗೊಂದು ಸಂದರ್ಶಕರ ಪುಸ್ತಕ ಇದ್ದೇ ಇರುತ್ತದೆ. ಆದರೆ ಅದೇ ಕಚೇರಿಯ ಗೋಡೆಯ ಮೇಲೆ ಸದಾ ದೀಪ ಮಿಣುಕಿಸುತ್ತ ಕುಳಿತಿರುವ ವೈ-ಫೈ ಪೆಟ್ಟಿಗೆಯ ಮೂಲಕ ಈ ಕ್ಷಣದಲ್ಲಿ ಎಷ್ಟು ಸಾಧನಗಳು ಸಂಸ್ಥೆಯ ಜಾಲದೊಳಗೆ ಸೇರಿಕೊಂಡಿವೆ, ಅವು ಯಾರವು, ಯಾವಾಗ ಬಂದವು ಎಂದು ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಅದನ್ನೆಲ್ಲ ಕಂಪ್ಯೂಟರ್ ಹುಡುಗ ನೋಡಿಕೊಳ್ಳುತ್ತಾನೆ.” ಆ ಹುಡುಗನನ್ನು ವಿಚಾರಿಸಿದರೆ, ಪೆಟ್ಟಿಗೆಯನ್ನು ಅಳವಡಿಸಿದ ದಿನದ ನಂತರ ಅದರ ಒಳಪುಟವನ್ನು ಆತ ತೆರೆದೇ ಇಲ್ಲವೆಂಬುದು ತಿಳಿದುಬರುತ್ತದೆ.

ಈ ಅಲಕ್ಷ್ಯವು ಒಂದು ಕಾಲದಲ್ಲಿ ಕ್ಷಮ್ಯವಾಗಿತ್ತು. ಅಂದು ಅಂತರ್ಜಾಲವೆಂದರೆ ಮಿಂಚಂಚೆ ನೋಡುವುದು, ಬ್ಯಾಂಕಿನ ಶಿಲ್ಕು ತಿಳಿಯುವುದು, ಇಷ್ಟೇ. ಇಂದು ಅದೇ ಜಾಲದ ಮೇಲೆ ಲೆಕ್ಕಪತ್ರದ ತಂತ್ರಾಂಶ ನಡೆಯುತ್ತದೆ; ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ಲುಗಳು ಹೊರಡುತ್ತವೆ; ಸಂಬಳದ ಪಟ್ಟಿ, ಬೆರಳಚ್ಚಿನ ಹಾಜರಿ ಯಂತ್ರ, ಸಿಸಿಟಿವಿ ಕ್ಯಾಮೆರಾ, ಮುದ್ರಣಯಂತ್ರ, ಕೆಲವೆಡೆ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಮ್ ಕಳುಹಿಸುವ ಕಂಪ್ಯೂಟರ್ ಸಹ ಅದೇ ದಾರದಲ್ಲಿ ಪೋಣಿಸಲ್ಪಟ್ಟಿವೆ. ಹೀಗಿರುವಾಗ ಜಾಲದೊಳಗೆ ಯಾರಿದ್ದಾರೆಂಬುದು ತಿಳಿಯದಿರುವುದು, ಉಗ್ರಾಣದ ಬೀಗದ ಕೈ ಎಷ್ಟು ಜನರ ಬಳಿ ಇದೆಯೆಂದು ತಿಳಿಯದಿರುವುದಕ್ಕೆ ಸಮಾನ.

ಅಮೆರಿಕದ ಒಂದು ಅಂಗಡಿಯಿಂದ ಆರಂಭವಾದ ನಷ್ಟ

ನಿಸ್ತಂತು ಜಾಲದ ಅಲಕ್ಷ್ಯದಿಂದ ವ್ಯಾಪಾರಿ ಸಂಸ್ಥೆಯೊಂದು ತೆರಬೇಕಾದ ಬೆಲೆಗೆ ಟಿಜೆಎಕ್ಸ್ ಎಂಬ ಅಮೆರಿಕದ ಚಿಲ್ಲರೆ ಮಾರಾಟ ಸಂಸ್ಥೆಯ ಪ್ರಕರಣವು ಇಂದಿಗೂ ಪಾಠದಂತಿದೆ. 2005ರ ಜುಲೈ ತಿಂಗಳಿನಿಂದ ಈ ಸಂಸ್ಥೆಯ ಗಣಕಜಾಲದೊಳಗೆ ಕಳ್ಳರು ಓಡಾಡತೊಡಗಿದ್ದರು. ಪತ್ರಿಕಾ ವರದಿಗಳ ಪ್ರಕಾರ ಅವರು ಒಳಹೊಕ್ಕಿದ್ದು ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ಸಮೀಪದ ಒಂದು ಬಟ್ಟೆಯಂಗಡಿಯ ವೈ-ಫೈ ಮೂಲಕ. ಆ ಅಂಗಡಿಯು ವೆಪ್ ಎಂಬ ಹಳೆಯ ಗೂಢಲಿಪಿ ಪದ್ಧತಿಯನ್ನು ಬಳಸುತ್ತಿತ್ತು. ಆ ಪದ್ಧತಿಯಲ್ಲಿ ಲೋಪವಿದೆಯೆಂದು 2001ರಲ್ಲೇ ತಜ್ಞರು ತೋರಿಸಿದ್ದರು. 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ-2 ಎಂಬ ಉತ್ತಮ ಪದ್ಧತಿಗಳು ಬಂದಿದ್ದವು. ಸಂಸ್ಥೆಯು ಬದಲಾವಣೆಯನ್ನು ಮುಂದೂಡುತ್ತ ಬಂದಿತ್ತು. 2006ರ ಡಿಸೆಂಬರ್‌ನಲ್ಲಿ ವಿಷಯ ಅದರ ಗಮನಕ್ಕೆ ಬಂದಿತು. 2007ರ ಜನವರಿಯಲ್ಲಿ ಬಹಿರಂಗವಾಯಿತು. ಅಷ್ಟರಲ್ಲಿ ಸಂಸ್ಥೆಯೇ ಒಪ್ಪಿಕೊಂಡಂತೆ 4.57 ಕೋಟಿ ಕಾರ್ಡುಗಳ ವಿವರ ಸೋರಿಹೋಗಿತ್ತು. ಕಳ್ಳರ ಮುಖಂಡನಿಗೆ 2010ರಲ್ಲಿ 20 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಈ ಪ್ರಕರಣದಲ್ಲಿ ಎಲ್ಲರ ಕಣ್ಣು ದುರ್ಬಲ ಗೂಢಲಿಪಿಯ ಮೇಲೆ ಬಿದ್ದಿತು. ಆದರೆ ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಹೆಚ್ಚು ಕಳವಳ ಉಂಟುಮಾಡುವ ಅಂಶ ಬೇರೆ. ಸುಮಾರು ಒಂದೂವರೆ ವರ್ಷ ಕಾಲ ಪರಕೀಯರು ಜಾಲದೊಳಗೆ ಬಂದುಹೋಗುತ್ತಿದ್ದರೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬೀಗ ದುರ್ಬಲವಾಗಿರುವುದು ಒಂದು ತಪ್ಪು; ಕಾವಲುಗಾರನೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ತಪ್ಪು. ಕಾರ್ಡು ಪಾವತಿ ಉದ್ಯಮವು ರೂಪಿಸಿಕೊಂಡಿರುವ ಪಿಸಿಐ ಮಾನದಂಡವು ಇದನ್ನು ಮನಗಂಡು, ಅಧಿಕೃತ ಮತ್ತು ಅನಧಿಕೃತ ವೈ-ಫೈ ಕೇಂದ್ರಗಳನ್ನು ಕನಿಷ್ಠ 3 ತಿಂಗಳಿಗೊಮ್ಮೆ ಹುಡುಕಿ ಪಟ್ಟಿ ಮಾಡಬೇಕೆಂದು ವಿಧಿಸುತ್ತದೆ. ಅಧಿಕೃತ ಕೇಂದ್ರ ಪ್ರತಿಯೊಂದೂ ಏಕೆ ಬೇಕೆಂಬುದಕ್ಕೆ ವ್ಯಾವಹಾರಿಕ ಕಾರಣವನ್ನು ಬರೆದಿಡಬೇಕೆಂದೂ ಹೇಳುತ್ತದೆ. ತಮ್ಮಲ್ಲಿ ವೈ-ಫೈಯೇ ಇಲ್ಲವೆನ್ನುವ ಸಂಸ್ಥೆಗೂ ಈ ಹುಡುಕಾಟದಿಂದ ವಿನಾಯಿತಿ ಇಲ್ಲ. ಏಕೆಂದರೆ ಇಲ್ಲವೆಂದು ಮಾಲೀಕರು ಭಾವಿಸಿರುವ ಕಡೆಯಲ್ಲೇ ಸಿಬ್ಬಂದಿಯೊಬ್ಬರು ಸಾವಿರ ರೂಪಾಯಿಯ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಸಿಕ್ಕಿಸಿರುತ್ತಾರೆ.

ಭಾರತದ ಅನುಭವ

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಶ್ರೇಣಿಯನ್ನು 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಮೂರೇ ವರ್ಷಗಳಲ್ಲಿ ಅದರ ಇನ್ನೊಂದು ಮುಖ ಕಂಡಿತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವ ಕೆಲವೇ ನಿಮಿಷಗಳ ಮುನ್ನ ಸುದ್ದಿಸಂಸ್ಥೆಗಳಿಗೆ ಬಂದ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಸಂಪರ್ಕ ಆತನದು, ಅದನ್ನು ಬಳಸಿದವರು ಬೇರೆಯವರು. ಅದೇ ವರ್ಷದ ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಸಂದರ್ಭದಲ್ಲಿ ಬಂದ ಮಿಂಚಂಚೆಯ ಜಾಡು ಮುಂಬಯಿಯ ಚೆಂಬೂರಿನ ಒಂದು ಖಾಸಗಿ ವ್ಯಾಪಾರಿ ಸಂಸ್ಥೆಯ ವೈ-ಫೈಗೆ ತಲುಪಿತು. ಯಾರೋ ಮಾಡಿದ ಕೃತ್ಯಕ್ಕೆ ಪೊಲೀಸರು ಮೊದಲು ಬಂದು ನಿಂತದ್ದು ಬಿಲ್ಲು ಕಟ್ಟುವವನ ಬಾಗಿಲಿಗೆ. ಈ ಘಟನೆಗಳ ನಂತರ 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ಸೇವಾದಾತರಿಗೆ ಸುರಕ್ಷಿತ ವೈ-ಫೈ ಕುರಿತು ನಿರ್ದೇಶನಗಳನ್ನು ಹೊರಡಿಸಿತು.

ಹೀಗೆ ಬಾಗಿಲಿಗೆ ಬಂದ ತನಿಖಾಧಿಕಾರಿಯು ಕೇಳುವ ಮೊದಲ ಪ್ರಶ್ನೆಯು, ಆ ದಿನ ಆ ಸಮಯದಲ್ಲಿ ಯಾವ ಯಾವ ಸಾಧನಗಳು ನಿಮ್ಮ ಜಾಲದಲ್ಲಿದ್ದವು ಎಂಬುದೇ ಆಗಿರುತ್ತದೆ. ನಿರಪರಾಧಿಯಾದ ವ್ಯಾಪಾರಿಗೆ ತನ್ನ ನಿರಪರಾಧಿತ್ವವನ್ನು ತೋರಿಸಲು ಆ ಪಟ್ಟಿಯೊಂದೇ ಆಧಾರ. ಪಟ್ಟಿಯಿಲ್ಲದಿದ್ದರೆ ಮಾತು ಮಾತ್ರ ಉಳಿಯುತ್ತದೆ.

ಈಗ ಇದು ಕೇವಲ ವಿವೇಕದ ಪ್ರಶ್ನೆಯಾಗಿ ಉಳಿದಿಲ್ಲ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಗಣಕ ವ್ಯವಸ್ಥೆಗಳ ದಿನಚರಿ ದಾಖಲೆಗಳನ್ನು, ಅಂದರೆ ಲಾಗುಗಳನ್ನು, 180 ದಿನಗಳ ಕಾಲ ಕಾಯ್ದಿರಿಸಬೇಕು. ಅನಧಿಕೃತ ಪ್ರವೇಶ ಮೊದಲಾದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಎಲ್ಲ ಸಾಧನಗಳ ಗಡಿಯಾರವೂ ಸರ್ಕಾರಿ ಸಮಯ ಸರ್ವರುಗಳೊಡನೆ ಅಥವಾ ಅವುಗಳಿಗೆ ಹೊಂದಿಕೊಂಡ ಸರ್ವರುಗಳೊಡನೆ ತಾಳೆಯಾಗಿರಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ, ಸಣ್ಣವರಿಗಲ್ಲ ಎಂಬ ಸಮಾಧಾನ ಅನೇಕರಲ್ಲಿದೆ. ಆದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಇದರ ಜಾರಿಯನ್ನು 2022ರ ಸೆಪ್ಟೆಂಬರ್ 25ರವರೆಗೆ ಮುಂದೂಡಲಾಗಿತ್ತು ಎಂಬ ಸಂಗತಿಯೇ, ಅವುಗಳಿಗೆ ವಿನಾಯಿತಿ ಇಲ್ಲವೆಂಬುದನ್ನು ಸಾರುತ್ತದೆ. ವಾಯಿದೆ ವಿಸ್ತರಣೆಯನ್ನು ವಿನಾಯಿತಿಯೆಂದು ಓದಿಕೊಳ್ಳುವ ಹವ್ಯಾಸ ತೆರಿಗೆ ವಿಷಯದಲ್ಲಿ ಎಷ್ಟು ದುಬಾರಿಯಾಗಿದೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಯುಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳುಗಳ ಕಾಲಾವಕಾಶ ನೀಡಲಾಗಿದೆ. ಗ್ರಾಹಕರ ದೂರವಾಣಿ ಸಂಖ್ಯೆಯ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಸೀರೆ ಅಂಗಡಿಯೂ ಈ ಕಾಯ್ದೆಯ ವ್ಯಾಪ್ತಿಗೆ ಹೊರಗಲ್ಲ.

ಪಟ್ಟಿಯಲ್ಲಿ ಏನಿರುತ್ತದೆ?

ನಿಸ್ತಂತು ಕೇಂದ್ರವು, ಅಂದರೆ ಆಕ್ಸೆಸ್ ಪಾಯಿಂಟು, ತನ್ನೊಡನೆ ಸೇರಿಕೊಂಡ ಪ್ರತಿಯೊಂದು ಸಾಧನದ ಗುರುತನ್ನೂ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಯಾವುದೇ ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು ಹಾಕಿ ಒಳಹೊಕ್ಕರೆ ‘ಸಂಪರ್ಕಗೊಂಡ ಸಾಧನಗಳು’ ಎಂಬ ಅರ್ಥದ ಒಂದು ಪುಟ ಸಿಗುತ್ತದೆ. ಅದರಲ್ಲಿ ಪ್ರತಿ ಸಾಧನದ ಹೆಸರು, ಅದಕ್ಕೆ ಕೊಟ್ಟ ಐಪಿ ವಿಳಾಸ, ಮ್ಯಾಕ್ ವಿಳಾಸ, ಸಂಕೇತದ ಬಲ, ಎಷ್ಟು ಹೊತ್ತಿನಿಂದ ಸೇರಿದೆ ಎಂಬ ವಿವರಗಳಿರುತ್ತವೆ. ಮ್ಯಾಕ್ ವಿಳಾಸವೆಂಬುದು 48 ಬಿಟ್ಟುಗಳ ಒಂದು ಸಂಖ್ಯೆ. ಅದರ ಮೊದಲರ್ಧವು ತಯಾರಕರನ್ನು ಸೂಚಿಸುತ್ತದೆ. ವಾಹನದ ನೋಂದಣಿ ಸಂಖ್ಯೆಯ ಮೊದಲ ಅಕ್ಷರಗಳಿಂದ ಅದು ಯಾವ ಸಾರಿಗೆ ಕಚೇರಿಯದೆಂದು ತಿಳಿಯುವಂತೆ, ಇದರಿಂದ ಸಾಧನವು ಯಾವ ಕಂಪನಿಯದೆಂದು ಊಹಿಸಬಹುದು.

ಈ ಪಟ್ಟಿಯನ್ನು ಮೊದಲ ಸಲ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡು ಕೂಡುವುದು ಸ್ವಾರಸ್ಯಕರ ಅನುಭವ. ಹದಿನೈದು ಮಂದಿಯ ಕಚೇರಿಯಲ್ಲಿ ನಲವತ್ತು ಸಾಧನಗಳು ಕಂಡರೆ ಆಶ್ಚರ್ಯವಿಲ್ಲ: ತಲೆಗೊಂದು ಫೋನು, ಕೆಲವರಿಗೆ ಎರಡು, ಕಂಪ್ಯೂಟರುಗಳು, ಕ್ಯಾಮೆರಾಗಳು, ಸ್ವಾಗತ ಕೊಠಡಿಯ ದೂರದರ್ಶನ. ಪಟ್ಟಿಯ ಒಂದೊಂದು ಸಾಲಿಗೂ ಒಬ್ಬ ವಾರಸುದಾರನನ್ನು ಹುಡುಕಬೇಕು. ವಾರಸುದಾರ ಸಿಗದ ಸಾಲುಗಳೇ ಮುಖ್ಯ. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿಯಾಗಿರುತ್ತವೆ: ಪಕ್ಕದ ಚಹಾದಂಗಡಿಯ ಹುಡುಗನಿಗೆ ಯಾರೋ ಪಾಸ್‌ವರ್ಡ್ ಕೊಟ್ಟಿರುತ್ತಾರೆ, ಅಥವಾ ಕೆಲಸ ಬಿಟ್ಟುಹೋದ ಮಾರಾಟ ಪ್ರತಿನಿಧಿಯು ಹಳೆಯ ಸ್ನೇಹಿತರನ್ನು ಕಾಣಲು ಬಂದಾಗಲೆಲ್ಲ ಆತನ ಫೋನು ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಆದರೆ ಆ ಮಾರಾಟ ಪ್ರತಿನಿಧಿಯು ಈಗ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ಇರುವವನಾದರೆ, ಕಚೇರಿಯ ಹಂಚಿಕೆ ಫೋಲ್ಡರಿನಲ್ಲಿ ದರಪಟ್ಟಿಯು ಬೀಗವಿಲ್ಲದೆ ಬಿದ್ದಿದ್ದರೆ, ನಿರಪಾಯವೆಂಬ ಮಾತನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.

ಫೋನುಗಳಿಗಿಂತಲೂ ಮೌನವಾಗಿರುವ ಸಾಧನಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್ ಮತ್ತು ರೂಟರುಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅಂತಹ ಸಾಧನಗಳ ಸೇನೆಯು ಡೈನ್ ಎಂಬ ಅಮೆರಿಕನ್ ಸಂಸ್ಥೆಯ ಮೇಲೆ ಎರಗಿದ್ದರಿಂದ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸ್ಥಗಿತಗೊಂಡವು. ಆ ಸೇನೆಯಲ್ಲಿದ್ದ ಸಾಧನಗಳ ಮಾಲೀಕರಿಗೆ ಅದರ ಅರಿವೇ ಇರಲಿಲ್ಲ. ಕ್ಯಾಮೆರಾ ಚಿತ್ರ ತೋರಿಸುತ್ತಿತ್ತು, ಅವರಿಗೆ ಅಷ್ಟು ಸಾಕಾಗಿತ್ತು. ರಾತ್ರಿ ಎರಡು ಗಂಟೆಗೆ ಕಚೇರಿಯ ಒಂದು ಕ್ಯಾಮೆರಾ ಹಗಲಿಗಿಂತ ಹೆಚ್ಚು ದತ್ತಾಂಶವನ್ನು ಹೊರಗೆ ಕಳುಹಿಸುತ್ತಿದೆಯೆಂಬುದು ನಿಗಾ ವ್ಯವಸ್ಥೆಯಿಲ್ಲದೆ ತಿಳಿಯಲು ಸಾಧ್ಯವಿಲ್ಲ.

ನಿಧಾನಗತಿಯ ನಿಜವಾದ ಕಾರಣ

ನಿಗಾ ಎಂದೊಡನೆ ಕಳ್ಳರ ಮಾತೇ ಬರಬೇಕೆಂದಿಲ್ಲ. ಹೆಚ್ಚಿನ ಸಂಸ್ಥೆಗಳಿಗೆ ಅದರ ನಿತ್ಯದ ಪ್ರಯೋಜನವಿರುವುದು ಹಣ ಉಳಿತಾಯದಲ್ಲಿ. ಒಂದು ಸಾಧಾರಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬಹುದು: ಮುಂಭಾಗದಲ್ಲಿ ಕಚೇರಿ, ಹಿಂದೆ ಯಂತ್ರಾಗಾರ, ಪಕ್ಕದಲ್ಲಿ ಉಗ್ರಾಣ, ಒಟ್ಟು ಮೂರು ನಿಸ್ತಂತು ಕೇಂದ್ರಗಳು. ತಿಂಗಳ 11ನೇ ತಾರೀಖು ಸಮೀಪಿಸಿದಂತೆ, ಜಿಎಸ್‌ಟಿ ವಿವರಪಟ್ಟಿಯನ್ನು ಸಲ್ಲಿಸುವ ಗಡಿಬಿಡಿಯಲ್ಲಿ, ಲೆಕ್ಕಪತ್ರ ತಂತ್ರಾಂಶ ನಿಧಾನವಾಗಿದೆ, ಇ-ಇನ್‌ವಾಯ್ಸ್ ಹೋಗುತ್ತಿಲ್ಲ ಎಂಬ ದೂರು ಬರುತ್ತದೆ. ಮಾಲೀಕರು 100 ಎಂಬಿಪಿಎಸ್ ಸಂಪರ್ಕವನ್ನು 300ಕ್ಕೆ ಏರಿಸುತ್ತಾರೆ. ಬಿಲ್ಲು ಹೆಚ್ಚಾಗುತ್ತದೆ, ದೂರು ಕಡಿಮೆಯಾಗುವುದಿಲ್ಲ.

ಅದೇ ಸಮಯದಲ್ಲಿ ಯಾರಾದರೂ ಮೂರೂ ಕೇಂದ್ರಗಳ ಪಟ್ಟಿಯನ್ನು ತೆಗೆದು ನೋಡಿದ್ದರೆ, ಕಚೇರಿಯ ಕೇಂದ್ರದೊಡನೆ 45 ಸಾಧನಗಳು, ಉಗ್ರಾಣದ ಕೇಂದ್ರದೊಡನೆ ಕೇವಲ 3 ಸೇರಿಕೊಂಡಿರುವುದು ಕಾಣುತ್ತಿತ್ತು. ಡಬ್ಬಿಯ ಮೇಲೆ ನೂರಾರು ಬಳಕೆದಾರರೆಂದು ಮುದ್ರಿಸಿದ್ದರೂ ಏಕಕಾಲಕ್ಕೆ ಕೆಲಸ ಮಾಡುವ ಸಾಧನಗಳು 25-30ನ್ನು ದಾಟಿದರೆ ಸಾಧಾರಣ ಕೇಂದ್ರವು ಏದುಸಿರು ಬಿಡತೊಡಗುತ್ತದೆಂಬುದು ಈ ಕಸುಬಿನವರ ಲೆಕ್ಕಾಚಾರ. ಕಾರಣ ಸರಳ. ವೈ-ಫೈ ಎಂಬುದು ಒಂದೇ ಓಣಿ. ಒಂದು ಕ್ಷಣದಲ್ಲಿ ಒಂದು ವಾಹಿನಿಯಲ್ಲಿ ಒಬ್ಬರೇ ಮಾತನಾಡಬೇಕು. ದೂರದಲ್ಲಿದ್ದು ಕ್ಷೀಣ ಸಂಕೇತದಲ್ಲಿ ತಡವರಿಸುತ್ತ ಮಾತನಾಡುವ ಒಂದು ಫೋನು ಉಳಿದವರೆಲ್ಲರ ಸಮಯವನ್ನೂ ತಿನ್ನುತ್ತದೆ. ಕಿರಿದಾದ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಮುಂದಿದ್ದರೆ ಹಿಂದಿನ ಕಾರಿನ ಅಶ್ವಶಕ್ತಿ ಎಷ್ಟಿದ್ದರೇನು?

ಸಂಕೇತದ ಬಲವನ್ನು ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ ತೋರಿಸುತ್ತಾರೆ. −50 ಉತ್ತಮ, −67ರವರೆಗೆ ಧ್ವನಿ ಮತ್ತು ದೃಶ್ಯ ಸಂಭಾಷಣೆಗೆ ಅಡ್ಡಿಯಿಲ್ಲ, −80 ಎಂದರೆ ಹೆಸರಿಗೆ ಮಾತ್ರ ಸಂಪರ್ಕ. ಅಂತರ ಮೂವತ್ತೇ ಎಂದು ಭಾವಿಸಬಾರದು. ಈ ಅಳತೆಯಲ್ಲಿ ಪ್ರತಿ 10 ಇಳಿದಂತೆ ಶಕ್ತಿಯು ಹತ್ತನೇ ಒಂದು ಭಾಗಕ್ಕೆ ಇಳಿಯುವುದರಿಂದ, −80ರಲ್ಲಿರುವ ಸಂಕೇತವು −50ರದ್ದರ ಸಾವಿರದಲ್ಲಿ ಒಂದು ಪಾಲು ಮಾತ್ರ. ಕಬ್ಬಿಣದ ಕಪಾಟು, ತಗಡಿನ ಗೋಡೆ, ಲೇತು, ಪ್ರೆಸ್ಸುಗಳ ನಡುವೆ ಇಂತಹ ಕುಸಿತ ಸಹಜ. ಇನ್ನು ಬೆಂಗಳೂರಿನ ಚಿಕ್ಕಪೇಟೆಯಂತಹ ಒತ್ತೊತ್ತಾದ ಪೇಟೆಗಳ ಕಷ್ಟ ಬೇರೆ. 2.4 ಗಿಗಾಹರ್ಟ್ಸ್ ಶ್ರೇಣಿಯಲ್ಲಿ ಒಂದರ ಮೇಲೊಂದು ಬೀಳದ ವಾಹಿನಿಗಳು ಮೂರೇ: 1, 6 ಮತ್ತು 11. ಒಂದೇ ಮಳಿಗೆ ಸಂಕೀರ್ಣದ ಇಪ್ಪತ್ತು ಅಂಗಡಿಗಳು ಇಪ್ಪತ್ತು ಪೆಟ್ಟಿಗೆಗಳನ್ನು ಇಟ್ಟರೆ, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ ಆಗುತ್ತದೆ. ಸಾಧ್ಯವಿದ್ದ ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಸರಿಸುವುದು, ಕದಲದ ಯಂತ್ರಗಳನ್ನು ತಂತಿಯಿಂದಲೇ ಜೋಡಿಸುವುದು ಮುಂತಾದ ಪರಿಹಾರಗಳು ಅಗ್ಗವಾದವು. ಆದರೆ ಪಟ್ಟಿ ನೋಡದೆ ಅವು ಹೊಳೆಯುವುದಿಲ್ಲ.

ಮೇಲಿನ ಕಾರ್ಖಾನೆಯಲ್ಲಿ ಇನ್ನೊಂದು ಅವಾಂತರವನ್ನೂ ಸೇರಿಸಬಹುದು. ಉಗ್ರಾಣದ ಮೇಲ್ವಿಚಾರಕರು ಸಂಕೇತ ಸಿಗುತ್ತಿಲ್ಲವೆಂದು ಮನೆಯ ಹಳೆಯ ರೂಟರನ್ನು ತಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ಪೆಟ್ಟಿಗೆಯು ತಾನೇ ಯಜಮಾನನೆಂದು ಭಾವಿಸಿ ಸುತ್ತಲಿನ ಕಂಪ್ಯೂಟರುಗಳಿಗೆ ತನ್ನ ವಿಳಾಸಗಳನ್ನು ಹಂಚತೊಡಗುತ್ತದೆ. ಬೆಳಗ್ಗೆ ಅರ್ಧ ಕಂಪ್ಯೂಟರುಗಳು ಕೆಲಸ ಮಾಡುತ್ತವೆ, ಉಳಿದರ್ಧಕ್ಕೆ ಮುದ್ರಣಯಂತ್ರವೇ ಕಾಣುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾಳಿ ಅದಲುಬದಲಾಗುತ್ತದೆ. ಇಂತಹ ದೋಷವನ್ನು ಹುಡುಕಲು ತಂತ್ರಜ್ಞರು ದಿನಗಟ್ಟಲೆ ಅಲೆದಾಡುತ್ತಾರೆ. ಅಧಿಕೃತ ಕೇಂದ್ರಗಳ ಪಟ್ಟಿಯೊಂದು ಕೈಯಲ್ಲಿದ್ದರೆ, ಅದರಲ್ಲಿಲ್ಲದ ಹೆಸರೊಂದು ಗಾಳಿಯಲ್ಲಿ ಕಾಣಿಸಿಕೊಂಡ ಕ್ಷಣವೇ ಕಾರಣ ಗೊತ್ತಾಗುತ್ತದೆ.

ಪಟ್ಟಿಯನ್ನು ಎಷ್ಟು ನಂಬಬಹುದು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಲವು ಮಾರಾಟಗಾರರು ‘ಮ್ಯಾಕ್ ವಿಳಾಸದ ಪಟ್ಟಿ ಮಾಡಿಬಿಡಿ, ಬೇರೆಯವರು ಒಳಗೆ ಬರಲಾಗದು’ ಎಂದು ಭರವಸೆ ನೀಡುತ್ತಾರೆ. ಈ ಭರವಸೆ ಅರ್ಧ ಸತ್ಯ. ಮ್ಯಾಕ್ ವಿಳಾಸವನ್ನು ನಕಲು ಮಾಡುವುದು ಕಷ್ಟವೇನಲ್ಲ. ಅಲ್ಲದೆ 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು 2020ರಲ್ಲಿ ಬಂದ ಐಒಎಸ್ 14ರಿಂದ ಈಚೆಗೆ ಫೋನುಗಳು ಬಳಕೆದಾರರ ಖಾಸಗಿತನದ ಸಲುವಾಗಿ ಪ್ರತಿ ಜಾಲಕ್ಕೂ ಬೇರೆ ಬೇರೆ ಕೃತಕ ವಿಳಾಸವನ್ನು ತೋರಿಸುತ್ತವೆ. ಆದುದರಿಂದ ಒಂದೇ ಫೋನು ಎರಡು ಹೆಸರಿನಲ್ಲಿ ಕಂಡರೆ ಅದು ವಂಚನೆಯ ಸಾಕ್ಷಿಯಲ್ಲ. ಪಟ್ಟಿಯು ನಿಗಾ ಇಡಲು ಒಳ್ಳೆಯ ಸಾಧನವೇ ಹೊರತು ಬೀಗವಲ್ಲ.

ಬೀಗವಾಗಬೇಕಾದದ್ದು ಪಾಸ್‌ವರ್ಡ್. ಸ್ವಾಗತ ಮೇಜಿನ ಹಿಂದಿನ ಗೋಡೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಸಂಸ್ಥೆಯ ಹೆಸರು ಮತ್ತು ‘123’ ಎಂದು ಬರೆದಿರುವವರೆಗೆ ಯಾವ ನಿಗಾ ವ್ಯವಸ್ಥೆಯೂ ಹೆಚ್ಚಿನದೇನನ್ನೂ ಮಾಡಲಾರದು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆಯೂ ಉಳಿಯಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಮೂವರು ಗುಮಾಸ್ತರು ಒಂದೇ ‘ಅಡ್ಮಿನ್’ ಹೆಸರಿನಲ್ಲಿ ಕೆಲಸ ಮಾಡುವ ಕಚೇರಿಗಳಿವೆ. ಅಲ್ಲಿ ತಿದ್ದಿದವರು ಯಾರೆಂಬುದಕ್ಕೆ ದಾಖಲೆಯು ಕೊಡುವ ಉತ್ತರವು ‘ಅಡ್ಮಿನ್’ ಎಂದೇ. ಎಲ್ಲರಿಗೂ ಒಂದೇ ವೈ-ಫೈ ಪಾಸ್‌ವರ್ಡ್ ಕೊಟ್ಟ ಜಾಲದ ಸ್ಥಿತಿಯೂ ಇದೇ. ವ್ಯಕ್ತಿಗೊಂದು ಪಾಸ್‌ವರ್ಡ್ ಕೊಡುವ ವ್ಯವಸ್ಥೆ ಈಗ ಮಧ್ಯಮ ಬೆಲೆಯ ಸಾಧನಗಳಲ್ಲೂ ಲಭ್ಯವಿದೆ. ಅದು ಆಗದಿದ್ದಲ್ಲಿ, ಸಿಬ್ಬಂದಿಯೊಬ್ಬರು ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸುವ ಪದ್ಧತಿಯಾದರೂ ಇರಬೇಕು. ಸಿಬ್ಬಂದಿಯ ಫೋನುಗಳಿಗೂ ಅತಿಥಿಗಳಿಗೂ ಪ್ರತ್ಯೇಕ ಜಾಲವಿರಬೇಕು. ಆ ಜಾಲದಿಂದ ಲೆಕ್ಕಪತ್ರದ ಕಂಪ್ಯೂಟರ್ ಕಾಣಿಸಲೇಬಾರದು. ಈ ವಿಷಯದಲ್ಲಿ ಲೆಕ್ಕಪರಿಶೋಧಕರ ಕಚೇರಿಗಳು ಮಾದರಿಯಾಗಿವೆಯೆಂದು ಹೇಳಲಾಗದು. ನೂರಾರು ಕಕ್ಷಿದಾರರ ತೆರಿಗೆ ಪೋರ್ಟಲ್ ಪಾಸ್‌ವರ್ಡುಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡು, ತರಬೇತಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯ ಫೋನನ್ನೂ ಅದೇ ಜಾಲಕ್ಕೆ ಸೇರಿಸಿಕೊಂಡಿರುವ ಕಚೇರಿಯು ಪರರಿಗೆ ಆಂತರಿಕ ನಿಯಂತ್ರಣದ ಉಪದೇಶ ಮಾಡುವುದು ಕಷ್ಟ.

ದಾಖಲೆಯ ವಿಷಯದಲ್ಲೂ ಒಂದು ತಾಂತ್ರಿಕ ಸೂಕ್ಷ್ಮವಿದೆ. ಸಾಮಾನ್ಯ ರೂಟರಿನ ನೆನಪು ಅತ್ಯಲ್ಪ. ಹೊಸ ದಾಖಲೆ ಬಂದಂತೆ ಹಳೆಯದು ಅಳಿಯುತ್ತದೆ, ವಿದ್ಯುತ್ ಹೋಗಿ ಬಂದರೆ ಅನೇಕವುಗಳಲ್ಲಿ ಎಲ್ಲವೂ ಅಳಿಯುತ್ತದೆ. 180 ದಿನಗಳ ದಾಖಲೆ ಬೇಕಾದರೆ ರೂಟರು ತನ್ನ ಲಾಗನ್ನು ಬೇರೊಂದು ಕಂಪ್ಯೂಟರಿಗೆ ಕಳುಹಿಸುತ್ತಿರಬೇಕು. ಸಿಸ್‌ಲಾಗ್ ಎಂಬ ಈ ಸೌಲಭ್ಯವು ವ್ಯಾಪಾರಿ ಬಳಕೆಗೆಂದು ತಯಾರಾದ ಸಾಧನಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಚಾಲನೆಗೊಳಿಸಿರುವುದು ಮಾತ್ರ ಅಪರೂಪ. ಗಡಿಯಾರವೂ ಸರಿಯಿರಬೇಕು. 1970ರ ಜನವರಿ 1 ಎಂಬ ದಿನಾಂಕ ಹೊತ್ತ ದಾಖಲೆಗಳು ಇಂತಹ ಪೆಟ್ಟಿಗೆಗಳಲ್ಲಿ ಹೇರಳವಾಗಿ ಸಿಗುತ್ತವೆ. ಗಡಿಯಾರ ಹೊಂದಿಸದಿದ್ದಾಗ ಅವು ಎಣಿಕೆಯನ್ನು ಅಲ್ಲಿಂದಲೇ ಆರಂಭಿಸುತ್ತವೆ. ಅಂತಹ ದಾಖಲೆ ಯಾವ ತನಿಖೆಗೂ ಉಪಯೋಗಕ್ಕೆ ಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ವಿಧಿಯು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ದಿನಾಂಕವೇ ತಪ್ಪಿರುವ ದಾಖಲೆಗೆ ಸಹಿ ಹಾಕಲು ಯಾರು ಮುಂದೆ ಬಂದಾರು?

ನಿಗಾ ಮತ್ತು ಗೂಢಚರ್ಯೆ

ಸಿಬ್ಬಂದಿಯ ಕಡೆಯಿಂದ ಬರುವ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮಾಲೀಕರು ತಮ್ಮ ಫೋನಿನಲ್ಲಿ ಏನಿದೆಯೆಂದು ನೋಡುತ್ತಿದ್ದಾರೆಂಬ ಅಂಜಿಕೆ ಹುಟ್ಟುವುದು ಸಹಜ. ಯಾವ ಸಾಧನ ಎಷ್ಟು ಹೊತ್ತು ಸೇರಿತ್ತು, ಎಷ್ಟು ದತ್ತಾಂಶ ಬಳಸಿತು ಎಂದು ನೋಡುವುದು ಬೇರೆ. ಆ ವ್ಯಕ್ತಿ ಏನು ಓದಿದ, ಯಾರೊಡನೆ ಮಾತನಾಡಿದ ಎಂದು ಕೆದಕುವುದು ಬೇರೆ. ಮೊದಲನೆಯದು ಗೇಟಿನ ರಿಜಿಸ್ಟರು. ಎರಡನೆಯದು ಊಟದ ಡಬ್ಬಿ ಬಿಚ್ಚಿ ನೋಡುವ ಸಣ್ಣತನ. ಅಲ್ಲದೆ ಸಿಬ್ಬಂದಿಯ ಮಾಹಿತಿಯೂ 2023ರ ಕಾಯ್ದೆಯ ಅರ್ಥದಲ್ಲಿ ವೈಯಕ್ತಿಕ ದತ್ತಾಂಶವೇ. ಸಂಸ್ಥೆಯ ವೈ-ಫೈ ಬಳಸುವ ಸಾಧನಗಳ ಪಟ್ಟಿಯನ್ನು ಇಡಲಾಗುತ್ತದೆ, ಇಂತಿಷ್ಟು ದಿನ ಇಡಲಾಗುತ್ತದೆ, ಇದನ್ನು ಇಂಥವರು ಮಾತ್ರ ನೋಡುತ್ತಾರೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸೂಚನಾ ಫಲಕದಲ್ಲಿ ಹಾಕಿದರೆ ಹೆಚ್ಚಿನ ಅನುಮಾನ ಕರಗುತ್ತದೆ. ಪಟ್ಟಿಯ ವಿಷಯವನ್ನು ಮುಚ್ಚಿಟ್ಟು, ಒಂದು ದಿನ ಅದನ್ನೇ ಹಿಡಿದು ಒಬ್ಬರನ್ನು ಕೆಲಸದಿಂದ ತೆಗೆಯಲು ಹೊರಟ ಮಾಲೀಕರು ಕಾರ್ಮಿಕ ನ್ಯಾಯಾಲಯದಲ್ಲಿ ಬೆವರುವುದು ಖಂಡಿತ.

ಖರ್ಚು ಯಾರದು?

ಈ ವಿಷಯ ಪ್ರಸ್ತಾಪವಾದೊಡನೆ ದೊಡ್ಡ ದರಪಟ್ಟಿಯೊಂದಿಗೆ ಬರುವ ಮಾರಾಟಗಾರರಿಗೆ ಕೊರತೆಯಿಲ್ಲ. ಎರಡು ಕಂಪ್ಯೂಟರ್, ಒಂದು ಮುದ್ರಣಯಂತ್ರವಿರುವ ಕಿರಾಣಿ ಸಗಟು ಅಂಗಡಿಗೆ ಲಕ್ಷ ರೂಪಾಯಿಯ ನಿಯಂತ್ರಣ ವ್ಯವಸ್ಥೆ ಬೇಡವೇ ಬೇಡ. ಅಲ್ಲಿ ರೂಟರಿನ ಆಡಳಿತ ಪಾಸ್‌ವರ್ಡನ್ನು ಬದಲಿಸಿ, ಡಬ್ಲ್ಯುಪಿಎ-2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ-3ನ್ನು ಆರಿಸಿ, ಅತಿಥಿ ಜಾಲವನ್ನು ಬೇರ್ಪಡಿಸಿ, ತಿಂಗಳಿಗೊಮ್ಮೆ ಸಾಧನಗಳ ಪಟ್ಟಿಯನ್ನು ಮುದ್ರಿಸಿ ಕಡತಕ್ಕೆ ಸೇರಿಸಿದರೆ ದೊಡ್ಡ ಪಾಲು ಕೆಲಸ ಮುಗಿಯಿತು. ಇದಕ್ಕೆ ತಗಲುವುದು ಅರ್ಧ ಗಂಟೆ. ನಾಲ್ಕಾರು ನಿಸ್ತಂತು ಕೇಂದ್ರಗಳಿರುವ ಕಾರ್ಖಾನೆಗೆ ಮಾತ್ರ ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ನಿಯಂತ್ರಕ ತಂತ್ರಾಂಶ ಬೇಕಾಗುತ್ತದೆ. ಹಲವು ತಯಾರಕರು ತಮ್ಮ ಸಾಧನಗಳೊಡನೆ ಅದನ್ನು ಉಚಿತವಾಗಿ ಕೊಡುತ್ತಾರೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಬೆರೆತಿದ್ದರೆ ಎಸ್‌ಎನ್‌ಎಂಪಿ ಎಂಬ ಹಳೆಯ ಸಾಮಾನ್ಯ ಭಾಷೆಯ ಮೂಲಕ ಅವುಗಳನ್ನು ವಿಚಾರಿಸುವ ಜ಼ಾಬಿಕ್ಸ್, ಲಿಬ್ರೆಎನ್‌ಎಂಎಸ್ ಮೊದಲಾದ ಮುಕ್ತ ತಂತ್ರಾಂಶಗಳಿವೆ. ತಂತ್ರಾಂಶಕ್ಕೆ ಬೆಲೆಯಿಲ್ಲ, ಅದನ್ನು ಅಳವಡಿಸಿ ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕು.

ತೆರಿಗೆಯ ಮಟ್ಟಿಗೆ ಹೇಳುವುದಾದರೆ, ರೂಟರು ಮತ್ತು ಸ್ವಿಚ್ಚುಗಳನ್ನು ಕಂಪ್ಯೂಟರಿನೊಡನೆ ಬಳಸಿದಾಗ ಅವುಗಳಿಗೂ ಕಂಪ್ಯೂಟರಿನ ಸವಕಳಿ ದರವೇ ಸಲ್ಲುತ್ತದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಆಗ ಆ ದರ ಶೇಕಡಾ 60 ಇತ್ತು. 2017-18ನೇ ಹಣಕಾಸು ವರ್ಷದಿಂದ ಶೇಕಡಾ 40ಕ್ಕೆ ಇಳಿಯಿತು. ಸಾಮಾನ್ಯ ಯಂತ್ರಗಳ ಶೇಕಡಾ 15ರ ಗುಂಪಿಗೆ ಇವುಗಳನ್ನು ಸೇರಿಸಿ ಸುಮ್ಮನಿರುವ ಲೆಕ್ಕಿಗರು ತಮ್ಮ ಮಾಲೀಕರಿಗೆ ಅನಗತ್ಯ ತೆರಿಗೆಯನ್ನು ಕಟ್ಟಿಸುತ್ತಿದ್ದಾರೆ.

ಮಧ್ಯದಲ್ಲಿ ಉಳಿಯುವವರೆಂದರೆ, ಸ್ವಂತ ತಂತ್ರಜ್ಞನನ್ನು ಇಟ್ಟುಕೊಳ್ಳುವಷ್ಟು ದೊಡ್ಡವರೂ ಅಲ್ಲದ, ಒಂದೇ ಪೆಟ್ಟಿಗೆಯಲ್ಲಿ ಮುಗಿಯುವಷ್ಟು ಚಿಕ್ಕವರೂ ಅಲ್ಲದ ಘಟಕಗಳು. ಕೈಗಾರಿಕಾ ವಸಾಹತುಗಳಲ್ಲಿ ಇಂತಹವೇ ಬಹುಪಾಲು. ವಾಣಿಜ್ಯ ಸಂಸ್ಥೆಗಳು ಮತ್ತು ವಸಾಹತುಗಳ ಸಂಘಗಳು ಇಲ್ಲಿ ಮಾಡಬಹುದಾದ ಕೆಲಸವಿದೆ. ಇಪ್ಪತ್ತು ಮೂವತ್ತು ಘಟಕಗಳು ಸೇರಿ ಒಬ್ಬ ಅರ್ಹ ಜಾಲತಂತ್ರಜ್ಞನನ್ನು ಗೊತ್ತುಮಾಡಿಕೊಂಡು, 3 ತಿಂಗಳಿಗೊಮ್ಮೆ ಪ್ರತಿ ಘಟಕದಲ್ಲೂ ಅಡ್ಡಾಡಿ ಕೇಂದ್ರಗಳ ಪಟ್ಟಿ, ಸಾಧನಗಳ ಪಟ್ಟಿ ಮತ್ತು ವಾರಸುದಾರರಿಲ್ಲದ ಸಾಲುಗಳ ಒಂದು ಪುಟದ ವರದಿಯನ್ನು ಕೊಡುವಂತೆ ಒಪ್ಪಂದ ಮಾಡಿಕೊಳ್ಳಬಹುದು. ತೂಕದ ಕಲ್ಲುಗಳ ಮುದ್ರೆ, ಬೆಂಕಿ ಆರಿಸುವ ಸಿಲಿಂಡರಿನ ನವೀಕರಣ ಇವೆಲ್ಲ ಹೀಗೆಯೇ ಒಟ್ಟಾಗಿ ನಡೆಯುತ್ತಿರುವುದುಂಟು. ಆದರೆ ಆ ತಂತ್ರಜ್ಞನಿಗೆ ಮೂವತ್ತೂ ಘಟಕಗಳ ಆಡಳಿತ ಪಾಸ್‌ವರ್ಡ್ ದೊರೆಯುತ್ತದೆಂಬುದನ್ನು ಮರೆಯಬಾರದು. ಆದ್ದರಿಂದ ಆತನಿಗೆ ಪಟ್ಟಿಯನ್ನು ನೋಡುವ ಅಧಿಕಾರ ಮಾತ್ರವಿದ್ದು, ಬದಲಿಸುವ ಅಧಿಕಾರ ಆಯಾ ಮಾಲೀಕರಲ್ಲೇ ಇರಬೇಕೆಂದು ಒಪ್ಪಂದದಲ್ಲಿ ಬರೆಯುವುದು ಅಗತ್ಯ. ನೋಡುವ ಬಳಕೆದಾರ ಮತ್ತು ಬದಲಿಸುವ ಬಳಕೆದಾರ ಎಂಬ ಎರಡು ಪ್ರತ್ಯೇಕ ಖಾತೆಗಳನ್ನು ಕೊಡುವ ಸೌಲಭ್ಯ ಇರುವ ಸಾಧನಗಳನ್ನೇ ಇನ್ನು ಮುಂದೆ ಖರೀದಿಸಬೇಕು. ಖರೀದಿ ಆದೇಶದಲ್ಲಿ ಈ ಒಂದು ಸಾಲನ್ನು ಸೇರಿಸಲು ಯಾವ ಖರ್ಚೂ ಇಲ್ಲ.